ವಿಶ್ವವಿದ್ಯಾನಿಲಯದ ಗ್ರಂಥಭಂಡಾರ: ಸಂಗ್ರಹವೂ ಸೇವೆಯೂ

ವಿಶ್ವವಿದ್ಯಾನಿಲಯವೊಂದರ ಹಿರಿಮೆಯನ್ನು ಅಲ್ಲಿಯ ಪ್ರಾಧ್ಯಾಪಕರ ಹೆಸರುಗಳಿಂದ ಅಳೆಯುವುದು ವಾಡಿಕೆ. ಆದರೆ ಪ್ರಾಧ್ಯಾಪಕರು ನಿವೃತ್ತರಾಗುತ್ತಾರೆ, ಶಿಷ್ಯರು ಚದರಿಹೋಗುತ್ತಾರೆ. ಒಂದು ತಲೆಮಾರಿನ ಜಿಜ್ಞಾಸೆಯನ್ನು ಮುಂದಿನ ತಲೆಮಾರಿಗೆ ಮುಟ್ಟಿಸುವ ಹೊಣೆ ಗ್ರಂಥಭಂಡಾರದ ಮೇಲೆ ಉಳಿಯುತ್ತದೆ. ಪುಸ್ತಕಗಳನ್ನು ಕೊಂಡು ಕಪಾಟಿನಲ್ಲಿರಿಸಿದ ಮಾತ್ರಕ್ಕೆ ಈ ಹೊಣೆ ತೀರುವುದಿಲ್ಲವೆಂಬುದನ್ನು ನಮ್ಮ ದೇಶದಲ್ಲಿ ಶಾಸ್ತ್ರೀಯವಾಗಿ ಪ್ರತಿಪಾದಿಸಿದವರು ಗಣಿತದ ಅಧ್ಯಾಪಕರೊಬ್ಬರು.

ಶಿಯಾಳಿ ರಾಮಾಮೃತ ರಂಗನಾಥನ್ (1892–1972) ಮಂಗಳೂರಿನ ಸರಕಾರಿ ಕಾಲೇಜಿನಲ್ಲಿಯೂ ಬಳಿಕ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ಪಾಠ ಹೇಳಿದವರು. 1924ರ ಜನವರಿಯಲ್ಲಿ ಅವರು ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾದರು. 1857ರಲ್ಲಿ ಸ್ಥಾಪಿತವಾದ ಆ ವಿದ್ಯಾಪೀಠದಲ್ಲಿ ಆ ಹುದ್ದೆಗೆ ಬಂದವರಲ್ಲಿ ಅವರೇ ಮೊದಲಿಗರು. ತರಗತಿಯ ಗಲಭೆಗೆ ಒಗ್ಗಿದ್ದವರಿಗೆ ಅಲ್ಲಿಯ ಮೌನ ಸಹಿಸಲಸಾಧ್ಯವಾಯಿತು. ಹಳೆಯ ಕೆಲಸಕ್ಕೇ ಮರಳುವ ಮನಸ್ಸು ಮಾಡಿದರು. ಲಂಡನ್ನಿಗೆ ಹೋಗಿ ಈ ವಿದ್ಯೆಯನ್ನು ಅಭ್ಯಸಿಸಿ ಬಂದ ಮೇಲೆ ತೀರ್ಮಾನಿಸಿದರಾಯಿತೆಂಬ ಸಲಹೆಯಂತೆ ಹೊರಟವರು, ಅಲ್ಲಿಯ ಗ್ರಂಥಭಂಡಾರಗಳನ್ನು ಕಂಡು ಬೇರೆಯೇ ಮನುಷ್ಯರಾಗಿ 1925ರಲ್ಲಿ ಹಿಂದಿರುಗಿದರು.

1931ರಲ್ಲಿ ಅವರು ಪ್ರಕಟಿಸಿದ ಪಂಚಸೂತ್ರಗಳು ಮೇಲುನೋಟಕ್ಕೆ ತೀರ ಸರಳವಾದುವು. ಪುಸ್ತಕವಿರುವುದು ಬಳಕೆಗಾಗಿ, ಪ್ರತಿಯೊಬ್ಬ ಓದುಗನಿಗೂ ತಕ್ಕ ಪುಸ್ತಕ ದೊರೆಯಬೇಕು, ಪ್ರತಿಯೊಂದು ಪುಸ್ತಕಕ್ಕೂ ತಕ್ಕ ಓದುಗ ದೊರೆಯಬೇಕು, ಓದುಗನ ಕಾಲ ಉಳಿಯಬೇಕು, ಗ್ರಂಥಭಂಡಾರ ಸದಾ ಬೆಳೆಯುತ್ತಿರುವ ಜೀವಿ. ಮೊದಲನೆಯ ಸೂತ್ರವನ್ನು ಅಲ್ಲಗಳೆಯುವವರು ಯಾರೂ ಇಲ್ಲ, ಪಾಲಿಸುವವರು ಮಾತ್ರ ವಿರಳ. ನವರಾತ್ರಿಯ ಸರಸ್ವತೀಪೂಜೆಯ ದಿನ ಗ್ರಂಥಗಳನ್ನು ಪೀಠದ ಮೇಲಿರಿಸಿ ಅರ್ಚಿಸುವ ಪದ್ಧತಿ ನಮ್ಮದು. ಆ ದಿನ ಅವನ್ನು ತೆರೆದು ಓದಲಾಗದು. ಕೆಲವು ಭಂಡಾರಗಳಲ್ಲಿ ವರ್ಷದ 365 ದಿನವೂ ಸರಸ್ವತೀಪೂಜೆಯೇ ನಡೆಯುತ್ತಿರುವಂತೆ ತೋರುತ್ತದೆ. ರಂಗನಾಥನ್ನರು ಮದರಾಸಿನಲ್ಲಿ ಓದುಗರನ್ನು ಕಪಾಟುಗಳ ನಡುವೆಯೇ ಓಡಾಡಗೊಟ್ಟರು. ಬೇಕಾದ ಪುಸ್ತಕದ ಪಕ್ಕದಲ್ಲಿ, ಬೇಕೆಂದು ತಿಳಿದೇ ಇರದಿದ್ದ ಪುಸ್ತಕವೊಂದು ಕೈಗೆ ಸಿಕ್ಕುವುದು ಇಂತಹ ಏರ್ಪಾಡಿನಿಂದಲೇ.

ಹಾಗೆ ಸಿಕ್ಕಬೇಕಾದರೆ ಸಂಬಂಧಪಟ್ಟ ಗ್ರಂಥಗಳು ಒಂದೆಡೆ ಸೇರಿರಬೇಕಷ್ಟೆ. 1933ರ ಅವರ ಕೋಲನ್ ವರ್ಗೀಕರಣ ಈ ಉದ್ದೇಶದ್ದು. ವಿಷಯಗಳನ್ನೆಲ್ಲ ಮೊದಲೇ ಪಟ್ಟಿಮಾಡುವುದರ ಬದಲು ಅದು ವಿಷಯವನ್ನು ಅಂಗಾಂಗಗಳಾಗಿ ಬಿಡಿಸಿ, ದೇಶ ಕಾಲಾದಿಗಳಿಗೆ ಬೇರೆ ಬೇರೆ ಸಂಕೇತಗಳನ್ನು ಕೊಟ್ಟು, ಅವನ್ನು ಮತ್ತೆ ಜೋಡಿಸುತ್ತದೆ. ಆ ಪದ್ಧತಿಯ ಸೂಕ್ಷ್ಮಗಳು ಇಲ್ಲಿ ಅನವಶ್ಯ. ಕನ್ನಡದ ಓದುಗನಿಗೆ ಹೆಚ್ಚು ಹತ್ತಿರವಾದುದು ಸೂಚಿಯ, ಎಂದರೆ ಗ್ರಂಥಗಳ ಪಟ್ಟಿಯ, ಪ್ರಶ್ನೆ.

ಗ್ರಂಥಕರ್ತನನ್ನು ಯಾವ ಹೆಸರಿನಡಿಯಲ್ಲಿ ಹುಡುಕಬೇಕು? ಹೆಸರಿನ ಕಡೆಯ ಪದವೇ ಮನೆತನದ ಹೆಸರೆಂಬ ಪಾಶ್ಚಾತ್ಯ ನಿಯಮ ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರಿಗೂ ಕೋಟ ಶಿವರಾಮ ಕಾರಂತರಿಗೂ ಒಪ್ಪುತ್ತದೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರಿಗೆ ಅದನ್ನು ಅನ್ವಯಿಸಿದರೆ ಅವರು ಅಯ್ಯಂಗಾರರ ದೊಡ್ಡ ಗುಂಪಿನಲ್ಲಿ ಕಳೆದುಹೋಗುತ್ತಾರೆ. ನಾಡು ಅವರನ್ನು ಕರೆಯುವುದು ಊರ ಹೆಸರಿನಿಂದ. ಡಿ. ವಿ. ಗುಂಡಪ್ಪನವರ ಹೆಸರಿನಲ್ಲಿ ಮನೆತನದ ಪದವೇ ಇಲ್ಲ. ಧಾರವಾಡ, ಕರಾವಳಿ, ಹಳೆಯ ಮೈಸೂರುಗಳಲ್ಲಿ ಹೆಸರಿಡುವ ಕ್ರಮ ಒಂದೇ ಅಲ್ಲವೆಂಬುದನ್ನು ಅರಿಯದವನು ಕನ್ನಡದ ಸೂಚಿಯನ್ನು ರಚಿಸಲಾರ. ಇದರ ಮೇಲೆ ಕಾವ್ಯನಾಮಗಳು ಬೇರೆ: ಅಂಬಿಕಾತನಯದತ್ತ, ಶ್ರೀನಿವಾಸ, ಕುವೆಂಪು. ಒಂದೊಂದು ಹೆಸರಿನಿಂದಲೂ ಇನ್ನೊಂದಕ್ಕೆ ದಾರಿತೋರುವ ಕಾರ್ಡು ಇಲ್ಲವಾದರೆ ಒಬ್ಬನೇ ಕವಿ ಇಬ್ಬರಾಗಿಬಿಡುತ್ತಾನೆ.

ಪ್ರಾಚೀನ ಸಾಹಿತ್ಯದಲ್ಲಿ ತೊಡಕು ಮತ್ತಷ್ಟು ಬಿಗಿಯಾದುದು. ‘ವಿಕ್ರಮಾರ್ಜುನವಿಜಯ’ಕ್ಕೆ ‘ಪಂಪಭಾರತ’ವೆಂದು ಹೆಸರು, ‘ರಾಮಚಂದ್ರಚರಿತಪುರಾಣ’ಕ್ಕೆ ‘ಪಂಪರಾಮಾಯಣ’ವೆಂದು ಹೆಸರು. ಮೊದಲನೆಯದು 10ನೆಯ ಶತಮಾನದ ಆದಿಪಂಪನದು, ಎರಡನೆಯದು ಅಭಿನವಪಂಪನೆನಿಸಿದ ನಾಗಚಂದ್ರನದು. ಕನ್ನಡ ಓದಬಲ್ಲನಾದರೂ ಕನ್ನಡ ಸಾಹಿತ್ಯವನ್ನರಿಯದ ಗುಮಾಸ್ತ ಇವೆರಡನ್ನೂ ಒಬ್ಬನ ಹೆಸರಿಗೆ ಬರೆದರೆ ಆತನನ್ನು ದೂರಲಾಗದು. ಆದರೆ ಆ ಕಾರ್ಡನ್ನು ನಂಬಿದ ವಿದ್ಯಾರ್ಥಿ ದಾರಿತಪ್ಪುವುದು ನಿಶ್ಚಯ.

ಗಣಕಯಂತ್ರ ಬಂದ ಮೇಲೆ ಈ ಕಷ್ಟ ತೀರಿತೆಂದು ತಿಳಿಯುವವರುಂಟು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ‘ಶೋಧಗಂಗಾ’ದಲ್ಲಿ ದೇಶದ ನಾನಾ ವಿಶ್ವವಿದ್ಯಾನಿಲಯಗಳ ಸಂಶೋಧನ ಪ್ರಬಂಧಗಳನ್ನು ದೆಹಲಿಯಲ್ಲಿ ಕುಳಿತೂ ಓದಬಹುದು, ಹೊರನಾಡಿನ ಸಂಶೋಧಕನಿಗೆ ಇದು ಹಿಂದೆ ಊಹಿಸಲಾಗದಿದ್ದ ಸೌಕರ್ಯ. ಆದರೂ ಯಂತ್ರ ಹೋಲಿಸುವುದು ಅಕ್ಷರಗಳನ್ನು. ಕನ್ನಡದ ಹೆಸರನ್ನು ರೋಮನ್ ಲಿಪಿಯಲ್ಲಿ ಬರೆಯುವಾಗ ಕಾರಂತರ ‘ತ’ಕಾರಕ್ಕೆ ಒಬ್ಬರು ಒಂದಕ್ಷರ ಹಾಕಿದರೆ ಇನ್ನೊಬ್ಬರು ಎರಡಕ್ಷರ ಹಾಕುತ್ತಾರೆ. ಈ ರೂಪಗಳೆಲ್ಲ ಒಬ್ಬರವೇ ಎಂದು ಬಲ್ಲವರು ಮೊದಲೇ ಗಂಟುಹಾಕಿರದಿದ್ದರೆ, ಹುಡುಕಿದವನಿಗೆ ಕಾಣುವುದು ಇರುವುದರಲ್ಲಿ ಒಂದು ಪಾಲು ಮಾತ್ರ. ಉಳಿದುದು ಇಲ್ಲವೆಂದೇ ಆತ ಭಾವಿಸುತ್ತಾನೆ, ಅಪಾಯವಿರುವುದು ಅಲ್ಲಿ.

ಆದುದರಿಂದಲೇ ರಂಗನಾಥನ್ನರು ಓದುಗನಿಗೂ ಗ್ರಂಥಕ್ಕೂ ನಡುವೆ ನಿಂತು ನೆರವಾಗುವ ಸಿಬ್ಬಂದಿಗೆ ಅಷ್ಟೊಂದು ಮಹತ್ತ್ವ ಕೊಟ್ಟರು. ಕನ್ನಡನಾಡಿನೊಳಗೆ ಅಂಥವರು ಸಿಗದಿದ್ದರೆ ಮೇಷ್ಟರನ್ನೋ ಸಹಪಾಠಿಯನ್ನೋ ಕೇಳಬಹುದು. ಮುಂಬಯಿಯಲ್ಲಿ, ಹೈದರಾಬಾದಿನಲ್ಲಿ ಕನ್ನಡ ಕಪಾಟಿನ ಬಳಿ ನಿಂತವನಿಗೆ ಕೇಳಲು ಯಾರೂ ಇಲ್ಲದಿರಬಹುದು. ಒಂದು ಕಾಲಕ್ಕೆ ಮದರಾಸು ಕನ್ನಡಕ್ಕೆ ಪರಸ್ಥಳವೆನಿಸಿರಲಿಲ್ಲ. ಕಿಟ್ಟೆಲರ 1894ರ ನಿಘಂಟನ್ನು ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿದಾಗ ಅದನ್ನು 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಲ್ಲಿ ಹೊರತಂದುದು ಅಲ್ಲಿಯ ವಿಶ್ವವಿದ್ಯಾನಿಲಯವೇ. ಅಂತಹ ಕೆಲಸ ನಡೆಯುವಲ್ಲಿ ಭಂಡಾರದ ಕನ್ನಡ ವಿಭಾಗವೂ ಸಹಜವಾಗಿ ಜೀವಂತವಾಗಿರುತ್ತದೆ.

ಹೊರನಾಡಿನ ಕನ್ನಡಿಗರು ತಮ್ಮ ಊರಿನ ವಿಶ್ವವಿದ್ಯಾನಿಲಯಕ್ಕೆ ಪುಸ್ತಕಗಳನ್ನು ದಾನವಾಗಿ ಕೊಡುವುದುಂಟು. ಸ್ವಾಗತ, ಹಾರ, ಛಾಯಾಚಿತ್ರಗಳು ಮುಗಿದ ಬಳಿಕ ಆ ಗಂಟು, ಓದಿ ಪಟ್ಟಿಮಾಡಬಲ್ಲವರು ಇಲ್ಲದಿದ್ದರೆ, ಬಿಚ್ಚದೆಯೇ ಮೂಲೆಗೆ ಸೇರೀತು. ಕೊಡುವಾಗಲೇ ಒಂದೊಂದು ಗ್ರಂಥದ ಶೀರ್ಷಿಕೆ, ಕರ್ತೃವಿನ ನಿಜನಾಮ, ಕಾವ್ಯನಾಮ, ಪ್ರಕಟನೆಯ ವರ್ಷ, ನಾಲ್ಕು ಮಾತುಗಳಲ್ಲಿ ವಿಷಯ, ಇಷ್ಟನ್ನು ಕನ್ನಡದಲ್ಲಿಯೂ ರೋಮನ್ ಲಿಪಿಯಲ್ಲಿಯೂ ಬರೆದು ಒಪ್ಪಿಸುವುದು ಇಬ್ಬರು ಕಾರ್ಯಕರ್ತರು ಕೆಲವು ಭಾನುವಾರಗಳಲ್ಲಿ ಮುಗಿಸಬಹುದಾದ ಕೆಲಸ.