ಹಿಟ್ಟೂ ಇದೆ, ಬೆಟ್ಟವೂ ಇದೆ

ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗ ಪಾಳೆಯಗಾರರ ಕಾಲದ ಕೋಟೆಯನ್ನು ಹೊತ್ತ ಬಂಡೆಬೆಟ್ಟ. ಸಮುದ್ರಮಟ್ಟದಿಂದ 3,700 ಅಡಿಗೂ ಮೇಲಿದೆ. ಪಕ್ಕದ ಮಧುಗಿರಿಯ ಏಕಶಿಲೆಯದು ಇನ್ನೂ ಎತ್ತರ, 3,930 ಅಡಿ. ರಜೆಯ ದಿನ ಫೋಟೊಗೆಂದು ಹತ್ತುವವರ ನಡುವೆ ಹೊಟ್ಟೆ ಕರಗಿಸಲೆಂದೇ ಹತ್ತುವವರೂ ಇರುತ್ತಾರೆ. ಬೆಟ್ಟ ಅವರಿಗೆ ಮೋಸ ಮಾಡುವುದಿಲ್ಲ. ಮೋಸವಾಗುವುದು ಇಳಿದ ಮೇಲೆ.

ಎಪ್ಪತ್ತು ಕೆ.ಜಿ. ತೂಕದವರು ಒಂದು ಗಂಟೆ ಏರು ಹತ್ತಿದರೆ ಕರಗುವುದು ಹೆಚ್ಚುಕಡಿಮೆ 400 ಕ್ಯಾಲೊರಿ. ಪಾವಗಡ, ಶಿರಾ, ಮಧುಗಿರಿಯೆಲ್ಲ ಕಡಲೆಕಾಯಿ ಸೀಮೆ. ಹುರಿದ ಬೀಜ ಮುಂದಿದ್ದರೆ ಮಾತಿನ ನಡುವೆ 100 ಗ್ರಾಂ ಖಾಲಿಯಾದದ್ದೇ ತಿಳಿಯದು. ಅದರಲ್ಲಿರುವುದು 500ಕ್ಕೂ ಮೇಲೆ. ಕಡಲೆಬೀಜ ಕೆಟ್ಟದ್ದಲ್ಲ, ಒಂದು ಹಿಡಿಗೆ ನಿಲ್ಲಿಸುವುದು ಕಷ್ಟ, ಅಷ್ಟೆ. ಒಂದು ಕೆ.ಜಿ. ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಅಡಗಿರುತ್ತದೆ. ವಾರಕ್ಕೊಮ್ಮೆ ಬೆಟ್ಟ ಹತ್ತಿ ಅಷ್ಟನ್ನು ಕರಗಿಸಲು ಎಷ್ಟು ಭಾನುವಾರ ಬೇಕೋ ನೀವೇ ಲೆಕ್ಕ ಹಾಕಿ.

ಹಾಗಾದರೆ ಮುದ್ದೆ? ರಾಗಿ ತಿಂದರೆ ತೆಳ್ಳಗಾಗುತ್ತಾರೆಂದು ಪೇಟೆಯವರು ನಂಬಿದ್ದಾರೆ. ಹಳ್ಳಿಯವರು ಆ ನಂಬಿಕೆ ಕೇಳಿ ನಕ್ಕಾರು. ನೂರು ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, ಅಕ್ಕಿಯಲ್ಲಿ 350ರ ಆಸುಪಾಸು. ಅಂತರ ದೊಡ್ಡದಲ್ಲ. ರಾಗಿಯ ಹೆಚ್ಚುಗಾರಿಕೆ ಇರುವುದು ಬೇರೆ ಕಡೆ: ನೂರು ಗ್ರಾಮಿಗೆ 11 ಗ್ರಾಂ ನಾರು, 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ. ನಾರಿನಿಂದ ಹೊಟ್ಟೆ ಬೇಗ ತುಂಬುತ್ತದೆ, ಹಸಿವು ತಡವಾಗಿ ಬರುತ್ತದೆ. ಆದರೆ ಎರಡು ದೊಡ್ಡ ಮುದ್ದೆ ಮುರಿದು, ಮೇಲೊಂದಿಷ್ಟು ಅನ್ನ ಸಾರು ಕಲಸಿದರೆ ನಾರೂ ಕೈಚೆಲ್ಲುತ್ತದೆ.

ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟನೆಂಬ ಗಾದೆ ಈ ಸೀಮೆಗೆ ಒಪ್ಪುವಂಥದ್ದು. ಹಿಂದೆ ಕಪಿಲೆ ಹೊಡೆದು, ಕಳೆ ಕಿತ್ತು, ಮೈಲಿಗಟ್ಟಲೆ ನಡೆದವರಿಗೆ ಎರಡು ಮುದ್ದೆಯೂ ಸಾಲುತ್ತಿರಲಿಲ್ಲ. ಈಗ ಉಳುಮೆ ಟ್ರ್ಯಾಕ್ಟರಿನದು, ಬೋರ್‌ವೆಲ್ ಮೋಟರ್ ಮೊಬೈಲಿನಲ್ಲೇ ಆನ್ ಆಗುತ್ತದೆ, ತೋಟಕ್ಕೂ ಬೈಕು. ಕೆಲಸ ಕರಗಿತು, ಮುದ್ದೆಯ ಗಾತ್ರ ಕರಗಲಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ 30ರಷ್ಟು ಹೆಂಗಸರು, ಹೆಚ್ಚುಕಡಿಮೆ ಅಷ್ಟೇ ಗಂಡಸರು ಅತಿತೂಕದವರು. ಸೊಂಟಕ್ಕೆ ಟೇಪ್ ಹಿಡಿದರೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ದಾಟಬಾರದೆಂಬುದು ಭಾರತೀಯರಿಗಾಗಿ ಹಾಕಿರುವ ಗೆರೆ.

ತೂಕ ಇಳಿಸುವ ದಾರಿ ಈ ಊರುಗಳ ಒಲೆಯ ಮೇಲೇ ಇದೆ. ಮುದ್ದೆ ಒಂದಕ್ಕೆ ಇಳಿಯಲಿ, ಸಾರು ಹೆಚ್ಚಲಿ, ಅದೂ ಕಾಳಿನ ಸಾರು. ನೂರು ಗ್ರಾಂ ಹುರುಳಿಯಲ್ಲಿ 20 ಗ್ರಾಮಿಗೂ ಹೆಚ್ಚು ಪ್ರೋಟೀನ್ ಇದೆ. ಅಲಸಂದೆ, ಹೆಸರುಕಾಳೂ ಹಿಂದೆ ಬಿದ್ದಿಲ್ಲ. ಬಸ್ಸಾರು, ಮಸ್ಸೊಪ್ಪು ದಿನವೂ ಇರಬಹುದು. ಒಗ್ಗರಣೆಯ ಎಣ್ಣೆಯ ಮೇಲೆ ಮಾತ್ರ ಕಣ್ಣಿರಲಿ: ಒಂದು ದೊಡ್ಡ ಚಮಚಕ್ಕೆ 120 ಕ್ಯಾಲೊರಿ. ಸಂಜೆಯ ಬೋಂಡಾ, ದಿನಕ್ಕೆ ನಾಲ್ಕು ಸಲದ ಸಕ್ಕರೆ ಟೀ ಮೊದಲು ಹೋಗಬೇಕಾದವು. ವಾರಕ್ಕೆ 150 ನಿಮಿಷ ಬಿರುಸು ನಡಿಗೆ, ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ಕಸರತ್ತು ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ವಾರಕ್ಕೆ ಅರ್ಧದಿಂದ ಒಂದು ಕೆ.ಜಿ. ಇಳಿದರೆ ಸಾಕು. ತಿಂಗಳಿಗೆ ಹತ್ತು ಕೆ.ಜಿ. ಇಳಿಸುವ ಪುಡಿ ಮಾರುವವರನ್ನು ಮನೆ ಬಾಗಿಲಲ್ಲೇ ನಿಲ್ಲಿಸುವುದು ಒಳ್ಳೆಯದು. ಬಿರುಸಾಗಿ ಇಳಿದಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಪಿತ್ತಕೋಶದಲ್ಲಿ ಕಲ್ಲು ಕಟ್ಟುವ ಅಪಾಯ ಹೆಚ್ಚುತ್ತದೆ. ಇನ್ಸುಲಿನ್ ಅಥವಾ ಕೆಲವು ಬಗೆಯ ಶುಗರ್ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ದುರ್ಗ ಹತ್ತಿದರೆ ಶುಗರ್ ಕುಸಿದು ಬಂಡೆಯ ಮೇಲೇ ತಲೆ ತಿರುಗಬಹುದು. ಅವರೂ ಎದೆನೋವಿನವರೂ ಮೊದಲು ವೈದ್ಯರನ್ನು ಕೇಳಲಿ. ಮಂಡಿನೋವಿನವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಅವರಿಗೆ ಕೆರೆ ಏರಿಯ ನಡಿಗೆ ವಾಸಿ.

ಇಷ್ಟೆಲ್ಲ ಮಾಡಿಯೂ ತಕ್ಕಡಿ ಮುಳ್ಳು ಅಲುಗದಿದ್ದರೆ? 2006ರಲ್ಲಿ ಪ್ರಕಟವಾದ ಭಾರತೀಯ ಮಧುಮೇಹ ತಡೆ ಅಧ್ಯಯನದಲ್ಲಿ, ಮಧುಮೇಹದ ಹೊಸ್ತಿಲಲ್ಲಿದ್ದ 531 ಮಂದಿಯಲ್ಲಿ ಒಂದು ಗುಂಪಿಗೆ ಊಟ, ನಡಿಗೆಯ ಬದಲಾವಣೆಯನ್ನಷ್ಟೇ ಹೇಳಿಕೊಡಲಾಗಿತ್ತು. ಆ ಗುಂಪಿನವರ ತೂಕ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಮಧುಮೇಹ ಬರುವ ಅಪಾಯ ಮಾತ್ರ ಶೇ 28.5ರಷ್ಟು ತಗ್ಗಿತು.