ಕತ್ತಲ ಕೋಣೆಯಲ್ಲಿ ಏಳೂವರೆ ನಿಮಿಷ

"ರೀಲು ತೊಳೆದಿಡಪ್ಪ, ನಾಳಿದ್ದು ಬರುತ್ತೇನೆ" ಎಂದು ಸ್ಟುಡಿಯೋದವನಿಗೆ ಹೇಳಿ ಮನೆಗೆ ಮರಳಿದ ದಿನಗಳು ವಾಚಕರಲ್ಲಿ ಅನೇಕರಿಗೆ ನೆನಪಿರಬಹುದು. ಆ 'ತೊಳೆಯುವ' ಕೆಲಸ ಒಳಗೆ ಹೇಗೆ ನಡೆಯುತ್ತಿತ್ತೆಂಬುದನ್ನು ಮೇಜಿನ ಈಚೆಗೆ ನಿಂತವರು ಕಂಡವರಲ್ಲ. ಇಳಿಬಿಟ್ಟ ಕಪ್ಪು ಪರದೆ, ಅದರ ಹಿಂದಿನಿಂದ ಬರುವ ಹುಳಿವಾಸನೆ, ಇಷ್ಟೇ ನಮಗೆ ಗೊತ್ತಿದ್ದುದು.

ಆ ಪರದೆಯ ಆಚೆಗೆ ಹನ್ನೊಂದು ಮಂದಿ ಮಕ್ಕಳನ್ನು ಕರೆದೊಯ್ಯುವ ಹೊಣೆ ನನ್ನ ಪಾಲಿಗೆ ಬಂದಿತು. ಬೆಂಗಳೂರಿನ ಒಂದು ಪ್ರೌಢಶಾಲೆಯ ರಸಾಯನಶಾಸ್ತ್ರದ ಪ್ರಯೋಗಶಾಲೆಗೆ ಅಂಟಿಕೊಂಡಿದ್ದ ಉಗ್ರಾಣವೇ ನಮ್ಮ ಕತ್ತಲ ಕೋಣೆ. ಕಿಟಕಿಗೆ ಕಪ್ಪು ರಟ್ಟು, ಬಾಗಿಲ ಸಂದಿಗೆ ಹಳೆಯ ಕಂಬಳಿ. ಮೊದಲ ದಿನ ದೀಪವಾರಿಸಿ ಐದು ನಿಮಿಷ ಸುಮ್ಮನೆ ಕುಳಿತೆವು. ಕಣ್ಣು ಕತ್ತಲೆಗೆ ಒಗ್ಗಿದಂತೆ ರಟ್ಟಿನ ಅಂಚಿನಲ್ಲಿ ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆಗಳು ಒಂದೊಂದಾಗಿ ಮೂಡತೊಡಗಿದವು. ಮಕ್ಕಳು ಎಣಿಸಿದರು: ಹದಿನೇಳು. ಒಂದೊಂದಕ್ಕೂ ಅಂಟುಪಟ್ಟಿ ಹಚ್ಚಿದ್ದಾಯಿತು.

"ಕೆಂಪು ದೀಪ ಎಲ್ಲಿ ಸಾರ್?" ಎಂದು ಒಬ್ಬ ಹುಡುಗ ಕೇಳಿದ. ಅದು ಸಿನಿಮಾಗಳು ಕಲಿಸಿದ ಪಾಠ. ಕೆಂಪು ದೀಪ ಸಲ್ಲುವುದು ಚಿತ್ರ ಮುದ್ರಿಸುವ ಕಾಗದಕ್ಕೆ. ಅದರ ಲೇಪ ಕೆಂಪು ಬೆಳಕಿಗೆ ಕುರುಡು. ಸಾಮಾನ್ಯವಾಗಿ ನಾವು ಬಳಸುವ ಪ್ಯಾಂಕ್ರೋಮ್ಯಾಟಿಕ್ ಫಿಲಮಿಗಾದರೋ ಎಲ್ಲ ಬಣ್ಣವೂ ಬೆಳಕೇ. ಆದುದರಿಂದ ಅದನ್ನು ಡಬ್ಬಿಯಿಂದ ಬಿಚ್ಚಿ, ಸುರುಳಿಯಾಕಾರದ ತೋಡುಗಳುಳ್ಳ ಪ್ಲಾಸ್ಟಿಕ್ ಚಕ್ರಕ್ಕೆ ಸುತ್ತಿ, ತೊಟ್ಟಿಯೊಳಗಿಟ್ಟು ಮುಚ್ಚಳ ಬಿಗಿಯುವವರೆಗೆ ಪೂರ್ಣ ಕತ್ತಲೆ ಬೇಕು. ಬಿಗಿದ ಮೇಲೆ ಅಂಗಳದ ಬಿಸಿಲಿನಲ್ಲಿ ಕುಳಿತೂ ಉಳಿದ ಕೆಲಸ ಮಾಡಬಹುದು. ಆ ಮುಚ್ಚಳ ದ್ರವವನ್ನು ಒಳಬಿಡುತ್ತದೆ, ಬೆಳಕನ್ನು ಬಿಡದು.

ಕಷ್ಟವೆಲ್ಲ ಆ ಸುತ್ತುವುದರಲ್ಲಿ. ೩೬ ಚಿತ್ರಗಳ ಫಿಲಂ ಒಂದೂವರೆ ಮೀಟರಿಗಿಂತ ಉದ್ದ. ಕೈಬಿಟ್ಟರೆ ಹಾವಿನಂತೆ ಸುತ್ತಿಕೊಳ್ಳುತ್ತದೆ. ಕೆಟ್ಟುಹೋದ ಒಂದು ಫಿಲಮನ್ನು ಕೊಟ್ಟು ಮೊದಲು ಬೆಳಕಿನಲ್ಲಿ, ಬಳಿಕ ಕಣ್ಣು ಮುಚ್ಚಿಸಿ, ಆಮೇಲೆ ಕತ್ತಲಲ್ಲಿ ಸುತ್ತಿಸಿದೆ. ಕಣ್ಣು ಮುಚ್ಚಿದಾಗ ಮಾತ್ರ ಎಲ್ಲರೂ ಒಂದಿಷ್ಟು ಕಳ್ಳತನ ಮಾಡಿದರು.

ದ್ರಾವಣವನ್ನೂ ಅವರಿಂದಲೇ ಮಾಡಿಸಿದೆ. ಕೊಡಕ್ ಕಂಪನಿಯ ಹಳೆಯ ಡಿ-೭೬ ಸೂತ್ರದಲ್ಲಿ ಗುಟ್ಟೇನೂ ಇಲ್ಲ: ಒಂದು ಲೀಟರಿಗೆ ಮೆಟಾಲ್ ೨ ಗ್ರಾಂ, ಸೋಡಿಯಂ ಸಲ್ಫೈಟ್ ೧೦೦ ಗ್ರಾಂ, ಹೈಡ್ರೋಕ್ವಿನೋನ್ ೫ ಗ್ರಾಂ, ಬೊರಾಕ್ಸ್ ೨ ಗ್ರಾಂ. ಸಲ್ಫೈಟ್ ತುಂಬಿದ ನೀರಿನಲ್ಲಿ ಮೆಟಾಲ್ ಸುಲಭವಾಗಿ ಕರಗದಾದ್ದರಿಂದ ಅದನ್ನೇ ಮೊದಲು ಹಾಕಬೇಕು. ಕೆಲವರ ಚರ್ಮಕ್ಕೆ ಅದು ತುರಿಕೆ ತರುತ್ತದೆ, ಕೈಗವಸು ಕಡ್ಡಾಯ. ಫಿಲಮಿನ ಬೆಳ್ಳಿಯ ಲವಣಗಳಲ್ಲಿ ಬೆಳಕು ತಾಗಿದ ಕಣಗಳನ್ನಷ್ಟೇ ಈ ದ್ರಾವಣ ಕಪ್ಪು ಬೆಳ್ಳಿಯಾಗಿಸುತ್ತದೆ. ತಾಗದ ಕಣಗಳನ್ನು ಕರಗಿಸಿ ಕಳುಹಿಸುವುದು ಹೈಪೋ. ಬೆಳ್ಳಿಯ ಲವಣವನ್ನು ಅದು ಕರಗಿಸಬಲ್ಲುದೆಂದು ೧೮೧೯ರಲ್ಲಿಯೇ ಜಾನ್ ಹರ್ಷೆಲ್ ಕಂಡುಕೊಂಡಿದ್ದ. ೧೮೩೯ರಲ್ಲಿ ಫೋಟೋಗ್ರಫಿ ಹುಟ್ಟಿದಾಗ ಆ ಹಳೆಯ ತಿಳಿವು ಕೈಗೆ ಬಂದಿತು. ಹೈಪೋವನ್ನು ಸರಿಯಾಗಿ ತೊಳೆಯದಿದ್ದರೆ ಚಿತ್ರ ಕಾಲಾಂತರದಲ್ಲಿ ಹಳದಿಗೆ ತಿರುಗುತ್ತದೆ. ನಿಮ್ಮ ಮನೆಯ ಆಲ್ಬಮ್ಮಿನಲ್ಲಿ ಅಂಥ ಮದುವೆಯ ಚಿತ್ರವೊಂದಿದ್ದರೆ ಬಹುಶಃ ಆ ಸ್ಟುಡಿಯೋದವನಿಗೆ ಅಂದು ನೀರಿನ ಅಭಾವವಿದ್ದಿರಬೇಕು!

ನೀರಿನ ಮಾತು ಬಂದದ್ದರಿಂದ ಹೇಳುತ್ತೇನೆ. ೨೦ ಡಿಗ್ರಿಯಲ್ಲಿ ಏಳೂವರೆ ನಿಮಿಷ ಎಂಬುದು ನಮ್ಮ ಫಿಲಮಿನ ಲೆಕ್ಕ. ಏಪ್ರಿಲಿನಲ್ಲಿ ತಾರಸಿಯ ತೊಟ್ಟಿಯಿಂದ ಇಳಿದ ನೀರು ೨೮ ಡಿಗ್ರಿ ತೋರಿಸಿತು. ಮಂಜುಗಡ್ಡೆಯನ್ನು ನೇರವಾಗಿ ದ್ರಾವಣಕ್ಕೆ ಹಾಕಿದರೆ ಅದು ತೆಳುವಾಗುತ್ತದೆ. ಬೋಗುಣಿಯ ನೀರಿನಲ್ಲಿ ಹಾಕಿ, ಅದರ ನಡುವೆ ಸೀಸೆಯನ್ನು ನಿಲ್ಲಿಸಬೇಕು.

ಇನ್ನು ಆ ಹುಡುಗಿಯ ವಿಷಯ. ಒಂಬತ್ತನೆಯ ತರಗತಿಯವಳು. ಬಸವನಗುಡಿಯಲ್ಲಿದ್ದ ಅಜ್ಜಿಯ ಮನೆ ಮಾರಾಟವಾಗಿತ್ತು. ಕೆಡಹುವ ಮುನ್ನ ಸೋದರಮಾವನ ಹಳೆಯ ಕ್ಯಾಮರಾದಿಂದ ೩೬ ಚಿತ್ರಗಳನ್ನು ತೆಗೆದಿದ್ದಳು. ನಮ್ಮ ತರಗತಿ ಸೇರುವ ವೇಳೆಗೆ ಅಲ್ಲಿ ಮಣ್ಣಿನ ರಾಶಿಯಷ್ಟೇ ಉಳಿದಿತ್ತು.

ಕತ್ತಲಲ್ಲಿ ಐದು ಮಂದಿ. ಫ್ಯಾನಿಲ್ಲ. "ಸಾರ್, ಸಿಕ್ಕಿಹಾಕಿಕೊಂಡಿತು" ಎಂದಳು. ಕೊಡು ಇಲ್ಲಿ ಎಂದು ನಾನು ಕೈ ಚಾಚಿದೆ.

"ಬೇಡಿ ಸಾರ್. ನೀವು ಹೇಳಿ, ನಾನೇ ಮಾಡ್ತೀನಿ."

ಹಿಂದಕ್ಕೆಳೆದು ಮತ್ತೆ ಸುತ್ತಿದಳು. ಅಂಚನ್ನು ಬೆರಳಿನಿಂದ ಸವರಿ ನೋಡಿ ಸರಿಯಿದೆಯೆಂದೆ. ತಪ್ಪು ನನ್ನದು. ಎಲ್ಲವನ್ನೂ ತೊಟ್ಟಿಯೊಳಗಿಟ್ಟು, ಮುಚ್ಚಿ, ಹೊರಗೆ ಬಂದು, ಬೆವರಿದ ಕೈಯನ್ನು ಒರೆಸಿಕೊಂಡು ಮತ್ತೆ ಒಳಹೋಗುವಂತೆ ನಾನು ಹೇಳಬೇಕಾಗಿತ್ತು. ಬೆವರು ತಾಗಿದ ತೋಡಿನಲ್ಲಿ ಫಿಲಂ ಜಾರುವುದಿಲ್ಲವೆಂದು ನನಗೆ ಗೊತ್ತಿರಲಿಲ್ಲವೆ?

ದ್ರಾವಣ ಸುರಿದು, ಮೊದಲ ಅರ್ಧ ನಿಮಿಷ ಬಿಡದೆ, ಆಮೇಲೆ ನಿಮಿಷಕ್ಕೆ ಹತ್ತು ಸೆಕೆಂಡು ತೊಟ್ಟಿಯನ್ನು ಮಗುಚಿದಳು. ಗಡಿಯಾರದಿಂದ ಕಣ್ಣು ಕೀಳಲಿಲ್ಲ. ಹೈಪೋ ಆಯಿತು, ಮುಚ್ಚಳ ತೆಗೆದದ್ದಾಯಿತು. ಫಿಲಮಿನ ನಡುವೆ ಹಾಲಿನ ಕೆನೆಯಂಥ ಒಂದು ಕಲೆ. ಒಂದು ಸುತ್ತು ಇನ್ನೊಂದಕ್ಕೆ ಅಂಟಿಕೊಂಡಿದ್ದ ಜಾಗ ಅದು. ಅಲ್ಲಿಗೆ ಯಾವ ದ್ರಾವಣವೂ ಹೋಗಿರಲಿಲ್ಲ. ಮತ್ತೆ ಹೈಪೋದಲ್ಲಿಟ್ಟರೆ ಕಲೆ ಹೋಗುತ್ತದೆ, ಚಿತ್ರ ಬರುವುದಿಲ್ಲ. ಅದು ಆಗಲೇ ಹಗಲ ಬೆಳಕನ್ನು ಕಂಡುಬಿಟ್ಟಿತ್ತು.

೩೪ ಚಿತ್ರಗಳು ಉಳಿದವು. ಹೋದವೆರಡೂ ಹಿತ್ತಿಲ ಬಾವಿಯವು. ಅವಳು ಅಳಲಿಲ್ಲ, ನೆಗೆಟಿವನ್ನು ಹಗ್ಗಕ್ಕೆ ತೂಗುಹಾಕಿ, ತುದಿಗೆ ಬಟ್ಟೆಯ ಕ್ಲಿಪ್ಪು ಸಿಕ್ಕಿಸಿ, ಹೇಳದೆ ಹೊರಟುಹೋದಳು. ಮುಂದಿನ ಶನಿವಾರ ಬರುವಳೋ ಇಲ್ಲವೋ ಎಂದು ವಾರವೆಲ್ಲ ಯೋಚಿಸಿದೆ.

ಬಂದಳು. ಪಡಸಾಲೆಯ ಚಿತ್ರವನ್ನು ಮುದ್ರಿಸಿ ಅಜ್ಜಿಗೆ ಒಯ್ದಳು. ಅದರ ಮುಂದಿನ ವಾರ ಅವಳ ಕೈಯಲ್ಲಿ ಇನ್ನೊಂದು ಫಿಲಂ ಇತ್ತು. ಬಾವಿಯ ರಾಟೆಯನ್ನು ಅಜ್ಜಿ ಬಿಚ್ಚಿಸಿಕೊಂಡು ಬಂದು ಹೊಸ ಫ್ಲ್ಯಾಟಿನ ಬಾಲ್ಕನಿಯಲ್ಲಿ ಇಟ್ಟುಕೊಂಡಿದ್ದಾರಂತೆ, ಅದರ ಚಿತ್ರಗಳು.

ಕೈ ತೊಳೆದು, ಚೆನ್ನಾಗಿ ಒರೆಸಿಕೊಂಡು ಒಬ್ಬಳೇ ಒಳಗೆ ಹೋದಳು. ನಾನು ಬಾಗಿಲ ಹೊರಗೆ ನಿಂತೆ. ಕಂಬಳಿಯ ಆಚೆಯಿಂದ ಚಕ್ರ ಸುತ್ತುವ ಕಟಕಟ ಸದ್ದು ಒಂದೇ ಸಮನೆ ಕೇಳಿಸುತ್ತಿತ್ತು.