ಇನ್ನೊಂದು ಗೂಡು

ನಮ್ಮ ಕಡೆ ಗೂಡು ಅಂದರೆ ಮೊದಲು ನೆನಪಾಗುವುದು ರೇಷ್ಮೆ ಗೂಡು. ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರದ ಸುತ್ತಮುತ್ತ ಹುಳು ಸಾಕುವ ಮನೆಗಳಿವೆ. ಗೂಡು ರಾಮನಗರದ ಮಾರುಕಟ್ಟೆಗೆ ಹೋಗುತ್ತದೆ. ಮನೆಗೆ ದುಡ್ಡು ಬರುತ್ತದೆ.

ಹಿತ್ತಲಲ್ಲಿ ಇನ್ನೊಂದು ಗೂಡು ಇದೆ. ಅದು ಕೋಳಿ ಗೂಡು. ಮೊಟ್ಟೆ ಮಾರಿದ ಕಾಸು ಹೆಂಗಸರ ಕೈಯಲ್ಲೇ ಉಳಿಯುತ್ತದೆ. ಮಗುವಿನ ಪೆನ್ನು, ಪುಸ್ತಕಕ್ಕೆ ಅದೇ ಆಗುತ್ತದೆ. ಕೆಲವು ಮನೆಗಳಲ್ಲಿ ಮಕ್ಕಳ ಆಸೆಗೆ ಲವ್ ಬರ್ಡ್ಸ್ ಪಂಜರವೂ ಬಂದಿದೆ.

ಹುಳು ಮನೆಯನ್ನು ನಾವು ತೊಳೆಯುತ್ತೇವೆ. ಮದ್ದು ಹೊಡೆಯುತ್ತೇವೆ. ಕೋಳಿ ಗೂಡನ್ನು? "ಕೋಳಿ ತಾನೇ, ಇರಲಿ ಬಿಡು" ಅಂತೀವಿ. ಇದು ಸರಿಯೇ? ಯೋಚನೆ ಮಾಡೋಣ.

ಹಿಕ್ಕೆಯಲ್ಲಿ ಏನಿದೆ?

ರೋಗ ಬಂದ ಹಕ್ಕಿಯ ಹಿಕ್ಕೆಯಲ್ಲಿ ರೋಗಾಣು ಇರುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ. ಕೊಕ್ಕರೆ ರೋಗ ಹೀಗೇ ಒಂದು ಕೋಳಿಯಿಂದ ಇನ್ನೊಂದಕ್ಕೆ ಹರಡುತ್ತದೆ. ಇದಕ್ಕೆ ಲಸಿಕೆ ಇದೆ. ಪಶು ಆಸ್ಪತ್ರೆಯಲ್ಲಿ ಕೇಳಿ ಹಾಕಿಸಿ.

ಹಿಕ್ಕೆ ಒಣಗಿದರೆ ಪುಡಿಯಾಗುತ್ತದೆ. ಗುಡಿಸಿದರೆ ದೂಳಾಗಿ ಏಳುತ್ತದೆ. ಆ ದೂಳು ನಮ್ಮ ಮೂಗಿಗೆ ಹೋಗುತ್ತದೆ. ಗಿಳಿ, ಲವ್ ಬರ್ಡ್ಸ್‌ನಂಥ ಹಕ್ಕಿಗಳಿಂದ ಗಿಳಿ ಜ್ವರ ಎಂಬ ರೋಗ ಮನುಷ್ಯರಿಗೂ ಬರಬಹುದು. ಜ್ವರ, ತಲೆನೋವು, ಒಣ ಕೆಮ್ಮು ಬರುತ್ತದೆ. ಇದಕ್ಕೆ ಔಷಧಿ ಇದೆ. ಆದರೆ "ನಮ್ಮ ಮನೆಯಲ್ಲಿ ಹಕ್ಕಿ ಇದೆ" ಅಂತ ಡಾಕ್ಟರಿಗೆ ನಾವೇ ಹೇಳಬೇಕು. ಹೇಳದಿದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು?

ಮೊದಲು ಕೊಳೆ, ಆಮೇಲೆ ಮದ್ದು

ಕೆಲವರು ಹಿಕ್ಕೆಯ ಮೇಲೇ ಬ್ಲೀಚಿಂಗ್ ಪುಡಿ ಚೆಲ್ಲುತ್ತಾರೆ. ಬಿಳಿಯಾಯಿತು, ಶುದ್ಧವಾಯಿತು ಅಂದುಕೊಳ್ಳುತ್ತಾರೆ. ಇದು ತಪ್ಪು. ಮದ್ದಿನ ಶಕ್ತಿಯೆಲ್ಲ ಕೊಳೆಗೇ ಖರ್ಚಾಗುತ್ತದೆ. ಅಡಿಯಲ್ಲಿರುವ ರೋಗಾಣು ಹಾಗೇ ಉಳಿಯುತ್ತದೆ. ಕೊಳೆ ತೊಳೆದ ಮೇಲೆ ಹಾಕಿದರೆ ಮಾತ್ರ ಮದ್ದು ಕೆಲಸ ಮಾಡುತ್ತದೆ.

ಹೀಗೆ ಮಾಡಿ.

1. ಹಕ್ಕಿಗಳನ್ನು ಬೇರೆ ಕಡೆ ಬಿಡಿ. ಪಂಜರವನ್ನು ಬಯಲಿಗೆ ತನ್ನಿ. ಪಾತ್ರೆ ತೊಳೆಯುವ ಜಾಗ ಬೇಡ. ಬಾವಿ ಕಟ್ಟೆ ಬೇಡ.

2. ಮೂಗು, ಬಾಯಿಗೆ ಮಾಸ್ಕ್ ಕಟ್ಟಿ. ಕೈಗೆ ಗ್ಲೌಸ್ ಹಾಕಿ. ಇಲ್ಲದಿದ್ದರೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಳ್ಳಿ.

3. ಹಿಕ್ಕೆಯ ಮೇಲೆ ನೀರು ಚಿಮುಕಿಸಿ. ನೆನೆದ ಮೇಲೆ ಕೆರೆದು ತೆಗೆಯಿರಿ. ಒಣಗಿದ್ದನ್ನು ಗುಡಿಸಬೇಡಿ. ತೆಗೆದದ್ದನ್ನು ತಿಪ್ಪೆ ಗುಂಡಿಗೆ ಹಾಕಿ ಮಣ್ಣು ಮುಚ್ಚಿ.

4. ಸೋಪಿನ ನೀರಿನಲ್ಲಿ ಬ್ರಷ್ ಹಾಕಿ ಉಜ್ಜಿ. ಮೂಲೆ, ಸಂದು, ಹಕ್ಕಿ ಕೂರುವ ಕಡ್ಡಿ, ನೀರಿನ ಬಟ್ಟಲು ಯಾವುದನ್ನೂ ಬಿಡಬೇಡಿ. ಒಳ್ಳೆ ನೀರಿನಲ್ಲಿ ತೊಳೆಯಿರಿ.

5. ಈಗ ಮದ್ದು. ಹುಳು ಮನೆಗೆ ಒಂದು ಲೀಟರ್ ನೀರಿಗೆ 20 ಗ್ರಾಂ ಬ್ಲೀಚಿಂಗ್ ಪುಡಿ ಹಾಕುತ್ತೇವೆ. ಹಕ್ಕಿ ಗೂಡಿಗೆ ಅಷ್ಟು ಖಾರ ಬೇಡ. ಲೀಟರಿಗೆ 5 ಗ್ರಾಂ ಸಾಕು. ಅಂದರೆ 10 ಲೀಟರ್ ಬಕೆಟ್ಟಿಗೆ 50 ಗ್ರಾಂ. ಪ್ಲಾಸ್ಟಿಕ್ ಬಕೆಟ್ಟಿನಲ್ಲೇ ಕಲಸಿ. ಮೇಲಿನ ತಿಳಿ ನೀರನ್ನು ಗೂಡಿಗೆಲ್ಲ ಸವರಿ. 10 ನಿಮಿಷ ಒದ್ದೆಯಾಗಿಯೇ ಇರಲಿ. ಮರದ ಗೂಡಾದರೆ ಅರ್ಧ ಗಂಟೆ ಇರಲಿ.

6. ಮತ್ತೆ ಒಳ್ಳೆ ನೀರಿನಲ್ಲಿ ತೊಳೆಯಿರಿ. ಬಿಸಿಲಿಗೆ ಇಡಿ. ಪೂರ್ತಿ ಒಣಗಬೇಕು. ವಾಸನೆ ಹೋಗಬೇಕು. ಆಮೇಲೆ ಹಕ್ಕಿ ಬಿಡಿ. ಘಾಟು ನಮಗಿಂತ ಹಕ್ಕಿಗೆ ಬೇಗ ತಗಲುತ್ತದೆ.

7. ಕೊನೆಗೆ ಸೋಪು ಹಾಕಿ ಕೈ ತೊಳೆಯಿರಿ. ಬಟ್ಟೆ ಬದಲಾಯಿಸಿ. ಆಮೇಲೇ ಅಡುಗೆ, ಆಮೇಲೇ ಹುಳು ಮನೆ.

ನೀರಿನ ಬಟ್ಟಲನ್ನು ದಿನಾ ತೊಳೆಯಿರಿ. ಪಂಜರದ ಅಡಿಯ ಕಾಗದವನ್ನು ದಿನಾ ಬದಲಾಯಿಸಿ. ಸೋಪಿನಿಂದ ವಾರಕ್ಕೊಮ್ಮೆ ಉಜ್ಜಿ. ಮದ್ದು ತಿಂಗಳಿಗೊಮ್ಮೆ ಸಾಕು. ಹಕ್ಕಿಗೆ ಕಾಯಿಲೆ ಬಂದು ಹೋದ ಮೇಲೂ ಹಾಕಿ.

ಈ ತಪ್ಪು ಮಾಡಬೇಡಿ

ಬ್ಲೀಚಿಂಗ್ ಪುಡಿಗೆ ಕಕ್ಕಸು ತೊಳೆಯುವ ಆಸಿಡ್ ಸೇರಿಸಬೇಡಿ. "ಎರಡೂ ಸೇರಿದರೆ ಇನ್ನೂ ಚೊಕ್ಕಟ" ಅಂದುಕೊಳ್ಳಬೇಡಿ. ಎರಡೂ ಸೇರಿದರೆ ಕ್ಲೋರಿನ್ ಎಂಬ ವಿಷ ಗಾಳಿ ಏಳುತ್ತದೆ. ಕಣ್ಣು ಉರಿಯುತ್ತದೆ. ಉಸಿರು ಕಟ್ಟುತ್ತದೆ. ಮುಚ್ಚಿದ ಬಚ್ಚಲಲ್ಲಿ ಆದರೆ ಜೀವಕ್ಕೇ ಅಪಾಯ. ಹಾಗೇನಾದರೂ ಆದರೆ ಎಲ್ಲ ಅಲ್ಲೇ ಬಿಟ್ಟು ಹೊರಗೆ ಓಡಿ. ಆಸ್ಪತ್ರೆಗೆ ಹೋಗಿ.

ಮದ್ದಿನ ನೀರು ಹಿಪ್ಪುನೇರಳೆ ಸೊಪ್ಪಿಗೆ ಸಿಡಿಯಬಾರದು. ಹುಳು ಇರುವ ಮನೆಯ ಬಾಗಿಲಲ್ಲಿ ಪಂಜರ ತೊಳೆಯಬಾರದು. ಪುಡಿಯ ಪೊಟ್ಟಣವನ್ನು ಬಿಗಿಯಾಗಿ ಕಟ್ಟಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಬಸುರಿಯರು, ಉಬ್ಬಸ ಇರುವವರು ಈ ಕೆಲಸವನ್ನು ಬೇರೆಯವರಿಗೆ ಬಿಡಿ. ಗಂಡಸರೂ ಮಾಡಬಹುದಲ್ಲವೇ?

ಯಾವಾಗ ತೊಳೆಯಬಾರದು?

ಇದ್ದಕ್ಕಿದ್ದ ಹಾಗೆ ಹಲವು ಕೋಳಿ ಸತ್ತರೆ ಗೂಡು ಮುಟ್ಟಬೇಡಿ. ಅದು ಹಕ್ಕಿ ಜ್ವರ ಇರಬಹುದು. 2012ರಲ್ಲಿ ಬೆಂಗಳೂರಿನ ಹತ್ತಿರದ ಹೆಸರಘಟ್ಟದಲ್ಲಿ ಹಕ್ಕಿ ಜ್ವರ ಬಂತು. 2025ರಲ್ಲಿ ಚಿಕ್ಕಬಳ್ಳಾಪುರದ ಕಡೆಯೂ ಬಂತು. ಸತ್ತ ಕೋಳಿಯನ್ನು ಬೇಯಿಸಬೇಡಿ, ಮಾರಬೇಡಿ, ಕೆರೆಗೆ ಎಸೆಯಬೇಡಿ. ಮಕ್ಕಳನ್ನು ದೂರ ಇಡಿ. ಪಶು ಆಸ್ಪತ್ರೆಗೆ ಹೇಳಿ ಕಳಿಸಿ. ಅವರು ಬಂದು ಹೇಳಿದ ಹಾಗೆ ಮಾಡಿ.

ಇನ್ನೊಂದು ಮಾತು. ನಮ್ಮ ತೋಟಕ್ಕೆ ಬರುವ ಹಸಿರು ಗಿಳಿಯನ್ನು ಹಿಡಿದು ಪಂಜರದಲ್ಲಿ ಇಡುವ ಹಾಗಿಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅದು ಅಪರಾಧ.

ಅಕ್ಕ ತಂಗಿಯರೇ, ಹುಳು ಸಾಕುವ ಮನೆಯವರಿಗೆ ಇದು ಹೊಸ ಪಾಠ ಅಲ್ಲ. ಹುಳು ಮನೆ ತೊಳೆಯದೆ ಹೊಸ ಚಾಕಿ ತಂದರೆ ಬೆಳೆ ಕೆಡುತ್ತದೆ ಅಂತ ಅವರಿಗೆ ಗೊತ್ತು. ಆ ಗೂಡಿಗೆ ಇರುವ ಕಾಳಜಿ ಈ ಗೂಡಿಗೂ ಇರಲಿ. ಕೋಳಿ ಉಳಿಯುತ್ತದೆ. ಮಕ್ಕಳ ಎದೆಯೂ ಉಳಿಯುತ್ತದೆ.

ಮಾತಾಡಿಕೊಳ್ಳೋಣ

1. ಒಣಗಿದ ಹಿಕ್ಕೆಯನ್ನು ಏಕೆ ಗುಡಿಸಬಾರದು?
2. ಮೊದಲು ಸೋಪೋ, ಮೊದಲು ಮದ್ದೋ? ಏಕೆ?
3. ಬ್ಲೀಚಿಂಗ್ ಪುಡಿಗೆ ಏನನ್ನು ಸೇರಿಸಬಾರದು?
4. ನಿಮ್ಮ ಮನೆಯ ಗೂಡನ್ನು ಕೊನೆಯ ಸಲ ತೊಳೆದದ್ದು ಯಾವಾಗ?